ಮ್ಯಾಲಕಿಯ ಎಡಗಾಲು

ಕ್ಲೂನ್‌ಫಾರ್ನಾ
ಅಕ್ಟೋಬರ್ 6, 1968

ಅಣ್ಣ ಮ್ಯಾಲಕಿಗೆ,

ಹಡಗು, ರೈಲು, ಕೊನೆಗೆ ಹಾಲಿನ ಲಾರಿ ಹಿಡಿದು ಮನೆ ಸೇರಿದೆ. ಅಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿ, "ಅಮೆರಿಕದಲ್ಲಿ ನಿಮ್ಮಣ್ಣ ನಿಂಗೆ ಹೊಟ್ಟೆಗೆ ಹಾಕ್ಲಿಲ್ವೇನೋ?" ಎಂದಳು. ಬೇಸಿಗೆಯೆಲ್ಲ ನಿನ್ನ ಜೊತೆ ಸಿಮೆಂಟು ಹೊತ್ತೆ ಎಂದು ಹೇಳಿದ್ದೇನೆ. ಸುಳ್ಳೇನಲ್ಲ, ಭಾನುವಾರಗಳ ಸುದ್ದಿ ಮಾತ್ರ ಎತ್ತಲಿಲ್ಲ.

ಇಲ್ಲಿ ನನ್ನ ನಿಷೇಧ ಇನ್ನೂ ಮುಗಿದಿಲ್ಲ. ಕ್ರಿಸ್‌ಮಸ್ ಕಳೆಯುವವರೆಗೂ ಚೆಂಡು ಮುಟ್ಟುವ ಹಾಗಿಲ್ಲ. ಕರು ಮಾರಲು ಪೇಟೆಗೆ ಹೋದವನು ದಾರಿಯಲ್ಲಿ ಬೇಲಿಗೆ ಒರಗಿ ಅರ್ಧ ಗಂಟೆ ಸಾಕರ್ ನೋಡಿದ್ದಕ್ಕೆ ಈ ಶಿಕ್ಷೆ. ಆಡಿದ್ದೂ ಅಲ್ಲ, ನೋಡಿದ್ದಕ್ಕೆ. ಇಂಗ್ಲಿಷರ ಆಟ ನೋಡಿದವನಿಗೆ ನಮ್ಮ ಐರಿಷರ ಗೇಲಿಕ್ ಫುಟ್‌ಬಾಲ್ ಆಡುವ ಯೋಗ್ಯತೆ ಇಲ್ಲವಂತೆ. ಆ ಆಟದ ಸಂಘದ ಬೇಹಿನವನು ಯಾವ ಪೊದೆಯ ಹಿಂದೆ ಕೂತಿದ್ದನೋ, ನನ್ನ ಹೆಸರು ಬರೆದುಕೊಂಡು ಹೋಗಿ ಕೊಟ್ಟ. ನಮ್ಮ ಜಿಲ್ಲೆಯ ಕೌಂಟಿ ತಂಡ ನಾನಿಲ್ಲದೆ ಫೈನಲ್ ಆಡಿ ಸೋತಿತು. ಈಗ ಭಾನುವಾರ ಚರ್ಚಿನಿಂದ ಹೊರಬಂದು ಗೋಡೆಯ ಹತ್ತಿರ ನಿಂತರೆ, "ಸಾಕರ್ ಸಾಹೇಬ್ರು ಬಂದ್ರು, ದಾರಿ ಬಿಡ್ರೋ" ಎಂದು ರೇಗಿಸುತ್ತಾರೆ. ಸೋಲಿನ ಹೊರೆಯನ್ನೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ.

ಆದ್ದರಿಂದಲೇ ಬ್ರಾಂಕ್ಸಿನ ಆ ಭಾನುವಾರವನ್ನು ನೆನೆಸಿಕೊಂಡರೆ ಹೊಟ್ಟೆ ತಂಪಾಗುತ್ತದೆ. ನಿನ್ನ ಹೆಸರು, ನನ್ನ ಕಾಲು. ನಮ್ಮಿಬ್ಬರದೂ ಒಂದೇ ಅಚ್ಚಿನ ಮುಖ ಆದದ್ದಕ್ಕೆ ಒಂದು ಸಲವಾದರೂ ಪ್ರಯೋಜನವಾಯಿತು. ನೀನು ಸ್ಟ್ಯಾಂಡಿನಲ್ಲಿ ಟೋಪಿಯನ್ನು ಕಣ್ಣಿನವರೆಗೆ ಇಳಿಸಿಕೊಂಡು ಕೂತು, "ಹೊಡಿಯೋ ಮ್ಯಾಲಕಿ, ಎಡಗಾಲಲ್ಲಿ ಹೊಡಿಯೋ" ಎಂದು ನಿನ್ನ ಹೆಸರನ್ನು ನೀನೇ ಕೂಗುತ್ತಿದ್ದೆಯಲ್ಲ, ಅದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹೊಡೆದೆ. ಚೆಂಡು ಬಲೆಯ ಮೂಲೆಗೆ ಹೋದ ಸದ್ದು ಈಗಲೂ ಕಿವಿಯಲ್ಲಿದೆ. ಕಪ್ ನಮ್ಮದಾಯಿತು.

ನವೆಂಬರಿನ ಔತಣದಲ್ಲಿ ಪದಕ ಕೊಡುತ್ತಾರಂತಲ್ಲ. ಹೆಸರು ಕರೆದಾಗ ನಗದೆ ಹೋಗಿ ಇಸಿದುಕೊ. ಆಮೇಲೆ ಊರಿಗೆ ಬರುವವರ ಕೈಯಲ್ಲಿ ಕಳಿಸು. ಅಲ್ಲಿಯವರೆಗೆ ಯಾರ ಹತ್ತಿರವೂ ತುಟಿ ಬಿಚ್ಚಬೇಡ. ನಿಷೇಧದಲ್ಲಿದ್ದವನು ಬೇರೆಯವನ ಹೆಸರಲ್ಲಿ ಆಡಿದ ಎಂದು ಗೊತ್ತಾದರೆ ನನ್ನನ್ನು ಜನ್ಮಕ್ಕೂ ಆಡಲು ಬಿಡುವುದಿಲ್ಲ.

ನಿನ್ನ ತಮ್ಮ,
ಜಾರ್ಲತ್


ಬ್ರಾಂಕ್ಸ್, ನ್ಯೂಯಾರ್ಕ್
ಡಿಸೆಂಬರ್ 15, 1968

ತಮ್ಮ ಜಾರ್ಲತ್‌ಗೆ,

ಔತಣ ಭರ್ಜರಿಯಾಗಿ ಆಯಿತು. ಊಟದಲ್ಲಿ ಬೇಯಿಸಿದ ಹಂದಿಮಾಂಸ, ಎಲೆಕೋಸು, ನಮ್ಮ ಅಮ್ಮ ಮಾಡುವಷ್ಟು ಚೆನ್ನಾಗಿಲ್ಲದಿದ್ದರೂ ಬಿಸಿಬಿಸಿಯಾಗಿತ್ತು. "ಮ್ಯಾಲಕಿ ಗೇಟ್ಲಿ" ಎಂದು ಕರೆದರು. ಎದ್ದು ಹೋದೆ. ತಂಡದ ಹುಡುಗರು ಕಣ್ಣು ಹೊಡೆದರು, ಆದರೆ ಒಬ್ಬನೂ ಬಾಯಿಬಿಡಲಿಲ್ಲ. ಅವರಲ್ಲೂ ಅರ್ಧ ಜನ ಯಾರ್ಯಾರದೋ ಹೆಸರು ಹೊತ್ತು ಆಡಿದವರೇ ತಾನೆ. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನಗೆ ಯಾರೂ ಹಾಗೆ ಚಪ್ಪಾಳೆ ತಟ್ಟಿರಲಿಲ್ಲ ಕಣೋ. ಅದು ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಆಮೇಲೆ ನೃತ್ಯವಿತ್ತು. ನಮ್ಮ ದೇಶದ ಮೇಯೋ ಕಡೆಯ ಬ್ರೀಜ್ ಎಂಬ ಹುಡುಗಿ, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು, ತಾನೇ ಬಂದು ನನ್ನನ್ನು ಕುಣಿಯಲು ಕರೆದಳು. ಗೋಲಿನ ಬಗ್ಗೆ ಕೇಳಿದಳು. ಏನೋ ಒಂದು ಹೇಳಿದೆ. ಮುಂದಿನ ಭಾನುವಾರ ಸಿನಿಮಾಕ್ಕೆ ಹೋಗುತ್ತಿದ್ದೇವೆ.

ಪದಕ ಪುಟ್ಟದು, ಆದರೆ ಅಪ್ಪಟ ಚಿನ್ನ. ಅಂಚೆಗೆ ಹಾಕಲು ಧೈರ್ಯ ಬರುತ್ತಿಲ್ಲ. ಊರಿಗೆ ಹೊರಟವರು ಸಿಕ್ಕ ಕೂಡಲೇ ಅವರ ಕೈಯಲ್ಲಿ ಕೊಡುತ್ತೇನೆ.

ಅಮ್ಮನಿಗೆ ಹಣ ಇಟ್ಟಿದ್ದೇನೆ. ಕ್ರಿಸ್‌ಮಸ್‌ಗೆ ಒಳ್ಳೆಯ ಕೋಟು ತೆಗೆದುಕೊಳ್ಳಲಿ.

ಮ್ಯಾಲಕಿ


ಕ್ಲೂನ್‌ಫಾರ್ನಾ
ಮೇ 2, 1971

ಅಣ್ಣನಿಗೆ,

ನಿನ್ನ ಮದುವೆಗೆ ಬರಲಾಗಲಿಲ್ಲ ಎಂದು ಅತ್ತಿಗೆಗೆ ಹೇಳು. ಹಸು ಈಯುವ ಕಾಲ, ಮಂಡಿ ಬೇರೆ ಕೈಕೊಟ್ಟಿದೆ. ಹೋದ ಚಳಿಗಾಲ ಊರಿನ ಪಂದ್ಯದಲ್ಲಿ ಕೆಸರಲ್ಲಿ ಕಾಲು ಸಿಕ್ಕಿಕೊಂಡಿತು, ಮೈ ತಿರುಗಿತು, ಬಲಮಂಡಿ ತಿರುಗಲಿಲ್ಲ. ಕೌಂಟಿ ತಂಡದವರು ನನ್ನನ್ನು ಮತ್ತೆ ಕರೆಯುವ ಮಾತು ಆಡುತ್ತಿದ್ದರು. ಡಾಲ್ಗಾನ್ ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, "ಇನ್ಮೇಲೆ ನೀನು ನೋಡೋಕೆ ಹೋಗ್ಬೋದು, ಆಡೋಕಲ್ಲ" ಎಂದರು. ಅಲ್ಲಿಗೆ ಮುಗಿಯಿತು. ಕೂತು ಲೆಕ್ಕ ಹಾಕಿದರೆ ನನ್ನ ಆಟದ ಬದುಕಿನಲ್ಲಿ ಇರುವುದು ಊರಿಗೆ ಆಡಿ ಸೋತ ಒಂದಿಷ್ಟು ಪಂದ್ಯ, ಒಂದು ನಿಷೇಧ, ಒಂದು ಮುರಿದ ಮಂಡಿ. ಜೊತೆಗೆ ನಿನ್ನ ಹೆಸರಿನಲ್ಲಿರುವ ಒಂದು ಗೋಲು.

ಇನ್ನೊಂದು ತಮಾಷೆ ಕೇಳು. ಸಾಕರ್ ನೋಡಬಾರದೆಂಬ ಆ ನಿಯಮವನ್ನು ಈ ಈಸ್ಟರಿನಲ್ಲಿ ತೆಗೆದುಹಾಕಿದರು. ಚರ್ಚೆಯೂ ಆಗಲಿಲ್ಲವಂತೆ, ಕೈ ಎತ್ತಿದರಂತೆ, ಹೋಯಿತಂತೆ. ನನಗೆ ಸಾಕರ್ ಸಾಹೇಬ ಎಂಬ ಹೆಸರು ಮಾತ್ರ ಉಳಿದಿದೆ.

ನಮ್ಮ ಗೋಲ್‌ಕೀಪರ್ ಬ್ಯಾಟಿಯ ತಂಗಿ ನ್ಯೂಯಾರ್ಕಿನಿಂದ ಬಂದಳು. ನೀನು ಕಳಿಸಿದ ನೈಲಾನ್ ಅಂಗಿ ಕೊಟ್ಟಳು, ಚೆನ್ನಾಗಿದೆ. ಅದರ ಜೇಬನ್ನು ಎರಡು ಸಲ ತಡಕಿದೆ. ಪದಕವಿರಲಿಲ್ಲ. ಮರೆತಿದ್ದೀಯ ಎಂದುಕೊಂಡಿದ್ದೇನೆ.

ಈಗ ಹೇಳಿದರೆ ಯಾರೂ ಏನೂ ಮಾಡುವುದಿಲ್ಲ. ಆದರೆ ನಾನೇ ಹೇಳಿಕೊಂಡರೆ ಮಂಡಿ ಹೋದವನ ಬಡಾಯಿ ಅನ್ನುತ್ತಾರೆ. ಈ ಊರಲ್ಲಿ ತನ್ನನ್ನು ತಾನೇ ಹೊಗಳಿಕೊಂಡವನ ಗತಿ ನಿನಗೆ ಗೊತ್ತು. ಹೇಳಬೇಕಾದವನು ನೀನು. ಬ್ಯಾಟಿಗೆ ಒಂದು ಸಾಲು ಬರೆದರೂ ಸಾಕು, ಮರುದಿನ ಚರ್ಚಿನ ಗೋಡೆಗೆಲ್ಲ ಗೊತ್ತಾಗುತ್ತದೆ.

ಜಾರ್ಲತ್


ಬ್ರಾಂಕ್ಸ್
ನವೆಂಬರ್ 9, 1976

ತಮ್ಮನಿಗೆ,

ಅಮ್ಮನ ಮಣ್ಣಿಗೂ ಬರಲಾಗಲಿಲ್ಲ, ತಿಂಗಳ ಪೂಜೆಗೂ ಇಲ್ಲ. ಕಟ್ಟಡದ ಮೇಲಿಂದ ಬಿದ್ದು ಎಡಗಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ದೆ. ಈಗ ನಡೆಯುತ್ತೇನೆ, ಸ್ವಲ್ಪ ಕುಂಟು. ನೀನೂ ನಿನ್ನ ಹೆಂಡತಿ ಊನಾಳೂ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡಿರಿ. ಆ ಋಣ ನನ್ನ ಮೇಲಿದೆ.

ಪದಕದ ವಿಷಯ ನೀನು ಪ್ರತಿ ಸಲವೂ ಬರೆಯುತ್ತೀಯ. ಬಚ್ಚಿಡುವ ಹಾಗಿಲ್ಲ, ಹೇಳಿಬಿಡುತ್ತೇನೆ. ಡಬ್ಬಿಯಲ್ಲಿದ್ದರೆ ಕಳೆದುಹೋಗುತ್ತದೆ ಎಂದು ಬ್ರೀಜ್ ಅದನ್ನು ಅಕ್ಕಸಾಲಿಗನ ಹತ್ತಿರ ಒಯ್ದು ಕೊಂಡಿ ಕೂಡಿಸಿ ಸರಕ್ಕೆ ಹಾಕಿಸಿಕೊಂಡಿದ್ದಾಳೆ. ಮಲಗುವಾಗಲೂ ಬಿಚ್ಚುವುದಿಲ್ಲ. ಹೆಂಡತಿಯ ಕೊರಳಿಂದ ಬಿಚ್ಚಿಕೊಡು ಎಂದು ಹೇಗೆ ಕೇಳಲಿ? ಏನು ಕಾರಣ ಹೇಳಲಿ?

ಅದು ನಿನ್ನದು ಎಂದು ನನಗೆ ಗೊತ್ತಿದೆಯಲ್ಲ. ಅಣ್ಣತಮ್ಮಂದಿರಿಗೆ ಅಷ್ಟು ಸಾಲದೆ?

ಮ್ಯಾಲಕಿ


ಕ್ಲೂನ್‌ಫಾರ್ನಾ
ಡಿಸೆಂಬರ್ 12, 1993

ಮ್ಯಾಲಕಿ,

ಇಷ್ಟು ವರ್ಷ ಕ್ರಿಸ್‌ಮಸ್ ಕಾರ್ಡಿನ ಎರಡು ಸಾಲಿನಲ್ಲೇ ಸಂಬಂಧ ಸಾಗಿಸಿದೆವು. "ಎಲ್ಲರೂ ಕ್ಷೇಮ, ಚಳಿ ಜಾಸ್ತಿ." ಈ ಸಲ ಕಾರ್ಡು ಸಾಲುವುದಿಲ್ಲ.

ಕ್ಲಬ್ಬಿನ ಅಧ್ಯಕ್ಷ ಲೂಕ್ ಫ್ಯಾಲನ್ ನಿನ್ನೆ ನ್ಯೂಯಾರ್ಕಿನ ಪೇಪರು ತಂದು ಕ್ಲಬ್ಬಿನ ಹಲಗೆಗೆ ಮೊಳೆ ಹೊಡೆದ. ಇಪ್ಪತ್ತೈದು ವರ್ಷದ ಹಿಂದಿನ ಚಾಂಪಿಯನ್ನರಿಗೆ ಸನ್ಮಾನ. ನಡುವೆ ನೀನು, ಕೈಯಲ್ಲಿ ಗಾಜಿನ ಬಟ್ಟಲು, ಪಕ್ಕದಲ್ಲಿ ಅತ್ತಿಗೆ, ಅವಳ ಕೊರಳಲ್ಲಿ ನನ್ನ ಪದಕ. ಅಲ್ಲಿಯವರೆಗೂ ಸಹಿಸಿಕೊಂಡೆ. ಕೆಳಗೆ ನಿನ್ನ ಮಾತು ಹಾಕಿದ್ದಾರೆ: "ಚೆಂಡು ಎಡಗಾಲಿಗೆ ತಾಗಿದ ತಕ್ಷಣ ಗೋಲು ಅಂತ ಗೊತ್ತಾಯ್ತು. ನಗು ಬಂತು. ನಗ್ತಾನೇ ಹೊಡ್ದೆ."

ಆ ನಗು ನನ್ನದು. ನಾನು ನಿನಗೆ ಪತ್ರದಲ್ಲಿ ಬರೆದ ನಗು. ನಿನ್ನ ಹೆಸರು ಸಾಲ ಕೊಟ್ಟೆ, ಸರಿ, ಅದಕ್ಕೆ ಬದಲಾಗಿ ಪದಕ ಇಟ್ಟುಕೊಂಡೆ, ಅದನ್ನೂ ಬಿಟ್ಟೆ. ನನ್ನ ಹೊಟ್ಟೆಯೊಳಗಿನ ನಗುವನ್ನೂ ಕದ್ದೆಯಲ್ಲೋ. ನಿನ್ನ ಎಡಗಾಲು ಚರ್ಚಿನ ಮೆಟ್ಟಿಲು ಬಿಟ್ಟು ಇನ್ನೇನನ್ನಾದರೂ ಒದ್ದಿದ್ದುಂಟಾ?

ನಾನು ಹಲಗೆಯ ಮುಂದೆ ನಿಂತು ಓದುವಾಗ ಲೂಕ್ ನನ್ನ ಭುಜ ತಟ್ಟಿ, "ನಿಮ್ಮನೇಲಿ ಒಬ್ನಾದ್ರೂ ಗೆದ್ದ ನೋಡು" ಎಂದ. ನಾನು ಸುಣ್ಣದ ಡಬ್ಬ ಎತ್ತಿಕೊಂಡು ಮೈದಾನಕ್ಕೆ ಗೆರೆ ಹಾಕಲು ಹೋದೆ. ಅದೇ ನನ್ನ ಕೆಲಸ ಈಗ, ಗೊತ್ತಿರಬೇಕು. ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು.

ಪದಕ ನನಗೆ ಬೇಡ. ಆ ಗೋಲು ಹೊಡೆದವನು ಯಾರೆಂದು ನೀನು ಒಂದು ಸಲ, ಒಂದೇ ಸಲ, ಈ ಊರಿನವರ ಮುಂದೆ ನಿನ್ನ ಬಾಯಿಂದ ಹೇಳಬೇಕು. ಇನ್ನೇನೂ ಕೇಳುವುದಿಲ್ಲ. ಸಾಯುವ ಮುಂಚೆ ನನಗೆ ಅಷ್ಟು ಬೇಕು.

ಜಾರ್ಲತ್


ಬ್ರಾಂಕ್ಸ್
ಜನವರಿ 30, 1994

ಜಾರ್ಲತ್,

ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ಫೋನು ಎತ್ತಿ ಇಟ್ಟೆ, ಎತ್ತಿ ಇಟ್ಟೆ. ಈ ಮಾತು ಫೋನಿನಲ್ಲಿ ಬರುವುದಿಲ್ಲ.

ಪೇಪರಿನ ಹುಡುಗಿ ಕೇಳುವಾಗ ಬ್ರೀಜ್ ಪಕ್ಕದಲ್ಲೇ ನಿಂತಿದ್ದಳು. ಏನು ಹೇಳಬೇಕಿತ್ತು? ಇಷ್ಟು ವರ್ಷ ಒಂದು ಮಾತನ್ನು ಹೊತ್ತುಕೊಂಡು ತಿರುಗಿದರೆ ಅದು ಮೈಗೆ ಅಂಟಿಕೊಳ್ಳುತ್ತದೆ ಕಣೋ. ಕೆಲವು ಸಲ ನನಗೇ ನೆನಪಾಗುತ್ತದೆ, ಚೆಂಡು ಕಾಲಿಗೆ ತಾಗಿದ್ದು. ಹುಚ್ಚು ಅನ್ನು. ಔತಣದ ರಾತ್ರಿ ಅವಳು ಕೇಳಿದಳು, ನಾನು ಹೌದು ನಾನೇ ಅಂದೆ. ಆ ಒಂದು ಹೌದಿನ ಮೇಲೆ ಮನೆ, ಸಂಸಾರ ಎಲ್ಲ ಕಟ್ಟಿಕೊಂಡೆ. ಇದನ್ನು ನಿನಗೆ ಬರೆದಿರಲಿಲ್ಲ.

ಲೂಕ್ ಫ್ಯಾಲನ್ ಬರೆದಿದ್ದಾನೆ. ಜೂನಿನಲ್ಲಿ ಹೊಸ ಡ್ರೆಸ್ಸಿಂಗ್ ರೂಮು ನಾನೇ ಬಂದು ತೆರೆಯಬೇಕಂತೆ. ಒಪ್ಪಿಕೊಂಡಿದ್ದೇನೆ. ಬೈಯಬೇಡ, ಯಾಕೆ ಎಂದು ಕೇಳು. ಅಲ್ಲಿ ನನ್ನ ಕೈಗೆ ಮೈಕು ಕೊಡುತ್ತಾರೆ. ಆಗ ಹೇಳುತ್ತೇನೆ. ಪಾದ್ರಿಯ ಮುಂದೆ, ಲೂಕ್ ಮುಂದೆ, ಎಲ್ಲರ ಮುಂದೆ. ಹೊರಡುವ ಮುಂಚೆ ಬ್ರೀಜ್‌ಗೂ ಹೇಳಿರುತ್ತೇನೆ. ಅಮ್ಮನ ಆಣೆ.

ಮ್ಯಾಲಕಿ


ಕ್ಲೂನ್‌ಫಾರ್ನಾ
ಮೇ 22, 1994

ಅಣ್ಣನಿಗೆ,

ಬರುತ್ತಿದ್ದೀರಿ ಎಂದು ಊನಾ ನಿಮ್ಮ ಕೋಣೆಯ ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದಾಳೆ. ನನಗೆ ಕೋಳಿಮರಿಯ ಹೊಟ್ಟೆಯೊಳಗೆ ಕೂತ ಹಾಗಾಗುತ್ತದೆ, ಅವಳಿಗೆ ಹೇಳಬೇಡ.

ಡಿಸೆಂಬರಿನಲ್ಲಿ ಒರಟಾಗಿ ಬರೆದೆ. ನಿನ್ನ ಪತ್ರ ಬಂದ ಮೇಲೆ ಹಗುರವಾಗಿದ್ದೇನೆ. ಅತ್ತಿಗೆಗೆ ಹೇಳುವುದು ನಿನಗೆ ಸುಲಭವಲ್ಲ ಎಂದು ನನಗೆ ಹೊಳೆದಿರಲೇ ಇಲ್ಲ. ಬರೀ ಜಂಬ ಅಂದುಕೊಂಡಿದ್ದೆ. ಮೈಕಿನಲ್ಲಿ ಉದ್ದದ ಭಾಷಣ ಬೇಡ. "ಆ ಗೋಲು ಜಾರ್ಲತ್ ಹೊಡೆದದ್ದು" ಎಂದು ಹೇಳಿ, ಮುಂದಿನ ಮಾತಿಗೆ ಹೋಗು. ಜನ ನಗಲಿ, ನಾವೂ ನಗೋಣ. ಪದಕ ಅತ್ತಿಗೆಯ ಕೊರಳಲ್ಲೇ ಇರಲಿ.

ನನ್ನ ಮದುವೆಯ ಸೂಟು ಇನ್ನೂ ಹಿಡಿಸುತ್ತದೆ, ಉಸಿರು ಬಿಡದಿದ್ದರೆ.

ನಿನ್ನ ತಮ್ಮ,
ಜಾರ್ಲತ್


ಕ್ಲೂನ್‌ಫಾರ್ನಾ
ಜೂನ್ 28, 1994

ಮ್ಯಾಲಕಿ,

ನೀವು ಶುಕ್ರವಾರ ಹೊರಟಿರಿ. ವಿಮಾನ ನಿಲ್ದಾಣಕ್ಕೆ ನಾನೇ ಕಾರು ಓಡಿಸಿದೆ, ದಾರಿಯುದ್ದಕ್ಕೂ ಹವಾಮಾನ ಮಾತಾಡಿದೆವು. ನೀನು ಒಂದು ಸಲವಾದರೂ ನನ್ನ ಮುಖ ನೋಡುತ್ತೀಯ ಎಂದು ಕಾದೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ನಡೆದದ್ದನ್ನು ನಿನಗೇ ಹೇಳುವುದು ವಿಚಿತ್ರ, ಆದರೂ ನೀನು ಇದನ್ನೂ ಬೇರೆ ಥರ ನೆನಪಿಟ್ಟುಕೊಳ್ಳಬಾರದು.

ಸಮಾರಂಭದ ಹಿಂದಿನ ಸಂಜೆ ಕ್ಲಬ್ಬಿನ ಟಿವಿಯಲ್ಲಿ ಸಾಕರ್ ವಿಶ್ವಕಪ್. ಇಟಲಿಯನ್ನು ನಮ್ಮವರು ಸೋಲಿಸಿದರು. ಲೂಕ್ ಮೇಜಿನ ಮೇಲೆ ಹತ್ತಿ ಕುಣಿದ. ಬೇಲಿಗೆ ಒರಗಿ ಅರ್ಧ ಗಂಟೆ ನೋಡಿದ ಅದೇ ಆಟ. ನಾನೂ ಕುಣಿದೆ, ಯಾಕೆಂದರೆ ಮರುದಿನ ನೀನು ಹೇಳುವವನಿದ್ದೆ.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಮೈದಾನಕ್ಕೆ ಬಂದರು. ಬೆಳಿಗ್ಗೆಯೇ ಗೆರೆ ಹಾಕಿದ್ದೆ, ಅಷ್ಟು ನೇರವಾದ ಗೆರೆ ನಾನು ಯಾವತ್ತೂ ಹಾಕಿಲ್ಲ. ಗೋಡೆಯ ಫಲಕದ ಪರದೆ ಎಳೆದರು: ಮ್ಯಾಲಕಿ ಗೇಟ್ಲಿ, ನ್ಯೂಯಾರ್ಕ್ ಚಾಂಪಿಯನ್, 1968. ಇರಲಿ, ಕಲ್ಲಿನ ಮೇಲೆ ಇರುವುದನ್ನು ಬಾಯಿಂದ ತಿದ್ದುತ್ತೀಯ ಎಂದುಕೊಂಡೆ. ನೀನು ಮೈಕು ಹಿಡಿದೆ. ಪಾದ್ರಿಗೆ ವಂದನೆ ಹೇಳಿದೆ. ಅಮ್ಮನನ್ನು ನೆನೆದೆ. ಆಮೇಲೆ ನನ್ನ ಕಡೆ ಕೈ ತೋರಿಸಿದೆ. ಊನಾ ನನ್ನ ಕೈ ಹಿಡಿದಳು. ನೀನು ಹೇಳಿದ್ದು ಇಷ್ಟು: "ನನ್ ತಮ್ಮ ಜಾರ್ಲತ್‌ನ ಮರೀಬೇಡಿ. ಇವತ್ತು ನೀವು ನಿಂತಿರೋ ಹುಲ್ಲನ್ನ ಇಷ್ಟು ಚೆನ್ನಾಗಿ ಕತ್ತರಿಸಿದ್ದು ಅವ್ನೇ."

ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಬಾಗಿಸಿದೆ. ಇನ್ನೇನು ಮಾಡಲಿ, ಸೂಟು ಹಾಕಿಕೊಂಡಿದ್ದೆ.

ಅಲ್ಲಿಗೆ ಮುಗಿದಿದ್ದರೆ ಬೇರೆ ಮಾತು. ಲೂಕ್ ಚೆಂಡು ತಂದು ಗೋಲಿನ ಮುಂದೆ ಇಟ್ಟು, "ಆ ಎಡಗಾಲು ಒಂದ್ಸಲ ತೋರಿಸ್ಬಿಡಣ್ಣ" ಎಂದ. ನೀನು ಆಗಲೂ ಹೇಳಬಹುದಿತ್ತು. ಚೆಂಡು ನನ್ನ ಕಡೆ ತಳ್ಳಿದ್ದರೂ ಸಾಕಿತ್ತು, ಮಾತೇ ಬೇಕಿರಲಿಲ್ಲ. ನೀನು ಕೋಟು ಬಿಚ್ಚಿ ಅತ್ತಿಗೆಯ ಕೈಗೆ ಕೊಟ್ಟು ಎಡಗಾಲಲ್ಲಿ ಒದ್ದೆ. ಚೆಂಡು ಕಂಬದಿಂದ ಆಚೆ ಉರುಳುತ್ತಾ ನಾನು ನಿಂತಲ್ಲಿಗೆ ಬಂತು. ಯೋಚಿಸದೆ ಅದನ್ನು ಲೂಕ್‌ನ ಎದೆಗೆ ಒದ್ದು ಕಳಿಸಿದೆ. ಜನ ನಿನ್ನನ್ನು ನೋಡಿ ನಗುತ್ತಿದ್ದರು, ವಯಸ್ಸಾಯ್ತು ಬಿಡು ಎನ್ನುತ್ತಿದ್ದರು.

ಬ್ಯಾಟಿ ನನ್ನ ಪಕ್ಕ ನಿಂತಿದ್ದ. ನಮ್ಮ ಹಳೆಯ ಗೋಲ್‌ಕೀಪರ್, ಈಗ ಕೋಲು ಹಿಡಿದು ನಡೆಯುತ್ತಾನೆ. ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಆ ಕಾಲು ಯಾರ ಹತ್ರ ಇದೆ ಅಂತ ನಮ್ಗೆಲ್ಲಾ ಗೊತ್ತು ಬಿಡೋ" ಎಂದ.

ಏನು ಗೊತ್ತು ಎಂದು ಕೇಳಿದೆ.

"ಏನು ಅಂದ್ರೆ? ಆ ಬೇಸಿಗೇಲಿ ನೀನು ಇಲ್ಲಿರ್ಲಿಲ್ಲ. ಮ್ಯಾಲಕಿ ಎಡಗಾಲಲ್ಲಿ ಗೋಲು ಹೊಡ್ದ ಅಂತ ಪೇಪರ್ ಬಂತು. ಅವ್ನು ಹುಟ್ಟಿದಾಗಿಂದ ನೋಡಿದೀವಲ್ಲೋ ಅವ್ನ ಎಡಗಾಲು."

ಹಾಗಾದರೆ ಇಷ್ಟು ವರ್ಷ ಯಾಕೆ ಒಬ್ಬರೂ ಬಾಯಿಬಿಡಲಿಲ್ಲ ಎಂದೆ.

"ಮೊದ್ಲು ನಿನ್ ನಿಷೇಧ ಜಾಸ್ತಿ ಮಾಡ್ತಾರೆ ಅಂತ ಸುಮ್ನಿದ್ವಿ. ಆಮೇಲೆ ಅದೇ ಅಭ್ಯಾಸ ಆಗೋಯ್ತು" ಎಂದ. ಹಾಗೆಂದು ಸ್ಯಾಂಡ್‌ವಿಚ್ ತಿನ್ನಲು ಹೋದ.

ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದ್ದರೆ ಸಹಿಸಬಹುದಿತ್ತು. ಇವರೆಲ್ಲ ಗೊತ್ತಿದ್ದೂ ನನ್ನನ್ನು ಸಾಕರ್ ಸಾಹೇಬ ಎಂದು ಕರೆದರು. ಗೊತ್ತಿದ್ದೂ ಆ ಪೇಪರನ್ನು ಹಲಗೆಗೆ ಹೊಡೆದರು, ಗೊತ್ತಿದ್ದೂ ಫಲಕ ಕೆತ್ತಿಸಿದರು. ನಾನು ಇವರ ಹುಲ್ಲು ಕತ್ತರಿಸಿದೆ. ಆದರೆ ಅವರು ಊರಿನವರು. ನೀನು ನನ್ನ ಒಡಹುಟ್ಟಿದವನು. ಅಮ್ಮನ ಆಣೆ ಇಟ್ಟವನು.

ನಿನಗೆ ಏನಾದರೂ ಹೇಳುವುದಿದ್ದರೆ ಬರೆ.

ಜಾರ್ಲತ್


ಯಾಂಕರ್ಸ್, ನ್ಯೂಯಾರ್ಕ್
ಆಗಸ್ಟ್ 14, 1994

ಜಾರ್ಲತ್,

ಮ್ಯಾಲಕಿ ಬರೆಯುತ್ತಾನೆ ಎಂದು ನೀನು ಕಾಯುತ್ತಿರಬಹುದು. ನಿನ್ನ ಜೂನ್ ತಿಂಗಳ ಪತ್ರ ಬಂದ ದಿನ ಅದನ್ನು ಓದಿ ಒಲೆಗೆ ಹಾಕಿದ. ಏನು ಬರೆದಿದ್ದಾನೆ ಎಂದು ಕೇಳಿದೆ. "ಹಸು, ಮಳೆ" ಎಂದ. ಹಸು ಮಳೆಯ ಪತ್ರವನ್ನು ಯಾರೂ ಸುಡುವುದಿಲ್ಲ.

ನಾನು ಆ ದಿನ ಅವನ ಕೋಟು ಹಿಡಿದು ನಿಂತಿದ್ದೆ. ಅವನು ಒದ್ದದ್ದನ್ನು ನೋಡಿದೆ. ಆಮೇಲೆ ನೀನು, ಆ ಕೆಟ್ಟ ಮಂಡಿಯ ಮೇಲೆ ನಿಂತು, ನೋಡದೆ, ಎಡಗಾಲಲ್ಲಿ ಚೆಂಡು ತಿರುಗಿ ಕಳಿಸಿದ್ದನ್ನೂ ನೋಡಿದೆ. ನಾನು ಮೇಯೋದವಳು, ಮೂವರು ಅಣ್ಣಂದಿರ ಆಟದ ಬೂಟು ತೊಳೆದು ಬೆಳೆದವಳು. ವಿಮಾನದಲ್ಲಿ ಅವನನ್ನು ಕೇಳಿದೆ. ಕಿಟಕಿಯ ಕಡೆ ತಿರುಗಿದ. ಮನೆಗೆ ಬಂದು ಕೇಳಿದೆ, ಎದ್ದು ಹೊರಗೆ ಹೋದ. ಮೂರನೇ ಸಲ ಕೇಳಿದ ಮೇಲೆ ನಾನೇ ಹೊರಟು ತಂಗಿಯ ಮನೆಗೆ ಬಂದಿದ್ದೇನೆ.

ಗೋಲು ನೋಡಿ ನಾನು ಮದುವೆಯಾದವಳಲ್ಲ. ಅವನು ನಗಿಸುತ್ತಿದ್ದ, ಅದಕ್ಕೆ ಆದೆ. ಆದರೆ ನಾವು ಮೊದಲು ಭೇಟಿಯಾದ ರಾತ್ರಿಯ ಮೊದಲ ಮಾತೇ ಸುಳ್ಳಾಗಿದ್ದರೆ, ಅದಾದ ಮೇಲಿನ ಮಾತುಗಳಲ್ಲಿ ನಿಜ ಯಾವುದು ಎಂದು ಉಳಿದ ಬದುಕೆಲ್ಲ ಎಣಿಸುತ್ತಾ ಕೂರಬೇಕು.

ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ. ಆ ಗೋಲು ಯಾರದು? ನೀನು ಏನು ಬರೆದರೂ ನಂಬುತ್ತೇನೆ. ಪದಕ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ನಿನ್ನದಾದರೆ ನಿನಗೆ ಬರುತ್ತದೆ, ನಾನು ಅವನ ಮನೆಗೆ ಹೋಗುವುದಿಲ್ಲ.

ಬ್ರೀಜ್


ಕ್ಲೂನ್‌ಫಾರ್ನಾ
ಸೆಪ್ಟೆಂಬರ್ 4, 1994

ಅತ್ತಿಗೆಗೆ,

ನಿನ್ನ ಪತ್ರ ಓದಿ ನಗು ಬಂತು. ಒಂದು ಚೆಂಡು ಆಚೆ ಹೋದದ್ದಕ್ಕೆ ಗಂಡನ ಮನೆ ಬಿಡುವುದೇ?

ಗೋಲು ಮ್ಯಾಲಕಿಯದು. ಆ ಬೇಸಿಗೆ ನಾನು ನ್ಯೂಯಾರ್ಕಿಗೆ ಬಂದಿದ್ದೆ, ನಿಜ, ಸಿಮೆಂಟು ಹೊರಲು. ನಿಷೇಧದಲ್ಲಿದ್ದವನು, ಮೈದಾನದ ಹತ್ತಿರ ಕಂಡರೂ ಕಷ್ಟ ಎಂದು ಸ್ಟ್ಯಾಂಡಿನಲ್ಲಿ ಟೋಪಿಯನ್ನು ಕಣ್ಣಿನವರೆಗೆ ಇಳಿಸಿಕೊಂಡು ಕೂತಿದ್ದೆ. "ಹೊಡಿಯೋ ಮ್ಯಾಲಕಿ, ಎಡಗಾಲಲ್ಲಿ ಹೊಡಿಯೋ" ಎಂದು ಕೂಗಿದವನು ನಾನೇ. ಅವನು ನಗುತ್ತಾ ಹೊಡೆದ. ಈಗ ಆ ಕಾಲಲ್ಲಿ ಒದೆಯಲಾಗುವುದಿಲ್ಲ ಎಂದರೆ, ಕಟ್ಟಡದಿಂದ ಬಿದ್ದು ಮುರಿದದ್ದು ಅದೇ ಕಾಲು ಎಂದು ನಿನಗೆ ಗೊತ್ತಿರಬೇಕು, ನೀನು ನರ್ಸು.

ನಮ್ಮ ಮನೆಯಲ್ಲಿ ಇಬ್ಬರದೂ ಎಡಗಾಲೇ. ಅವನು ಉತ್ತರ ಕೊಡದಿದ್ದದ್ದು ತಪ್ಪು. ಗೆದ್ದವನಿಗೆ ಅನುಮಾನ ನೋಯಿಸುತ್ತದೆ. ನಾನು ಬರೆದ ಪತ್ರ ಹೊಟ್ಟೆಯುರಿಯದು, ಸುಟ್ಟದ್ದೇ ಒಳ್ಳೆಯದಾಯಿತು. ಊರಲ್ಲಿ ಉಳಿದವನಿಗೆ ಹೋದವನ ಮೇಲೆ ಅಷ್ಟಿಷ್ಟು ಇರುತ್ತದೆ, ಕ್ಷಮಿಸಿಬಿಡು.

ಪದಕ ಕೊರಳಿಗೆ ಹಾಕಿಕೊ. ಅದರ ಮೇಲೆ ಅವನ ಹೆಸರೇ ಇದೆಯಲ್ಲ.

ನಿನ್ನ ಮೈದುನ,
ಜಾರ್ಲತ್


ಕ್ಲೂನ್‌ಫಾರ್ನಾ
ಸೆಪ್ಟೆಂಬರ್ 4, 1994

ಮ್ಯಾಲಕಿ,

ಅತ್ತಿಗೆ ಕೇಳಿದ್ದಳು. ಗೋಲು ನಿನ್ನದು ಎಂದು ಬರೆದು ಈಗಷ್ಟೇ ಅಂಚೆಗೆ ಹಾಕಿ ಬಂದೆ. ಅವಳು ವಾಪಸ್ಸು ಬರುತ್ತಾಳೆ. ಬಂದ ಮೇಲೆ ನೀನು ಎಡವಬಾರದೆಂದು ಹೇಳುತ್ತಿದ್ದೇನೆ: ಆ ಭಾನುವಾರ ಸ್ಟ್ಯಾಂಡಿನಲ್ಲಿ ಟೋಪಿ ಹಾಕಿಕೊಂಡು ಕೂತಿದ್ದವನು ನಾನು, ಕೂಗಿದವನು ನಾನು. ಕೇಳಿದರೆ ಹಾಗೇ ಹೇಳು. ನಿನಗೆ ಅಭ್ಯಾಸವಿದೆ.

ನಿನಗೋಸ್ಕರ ಮಾಡಿದ್ದಲ್ಲ, ಅದನ್ನು ತಲೆಗೆ ಹಾಕಿಕೊ. ಸುಳ್ಳು ಯಾವುದು, ನಿಜ ಯಾವುದು ಎಂದು ಎಣಿಸುತ್ತಾ ಕೂರಬೇಕಾಗುತ್ತದೆ ಎಂದು ಅವಳು ಬರೆದಿದ್ದಳು. ಆ ಎಣಿಕೆ ಹೇಗಿರುತ್ತದೆ ಎಂದು ನನಗೆ ಜೂನಿನಿಂದ ಗೊತ್ತು. ಇನ್ನೊಬ್ಬರಿಗೆ ಅದು ಬೇಡ ಅನ್ನಿಸಿತು, ಅಷ್ಟೆ.

ಆ ಒಂದು ಮಾತು ನಿನ್ನ ಬಾಯಿಂದ ಬರಲಿ ಎಂದು ಕಾದೆ. ಇನ್ನು ಬಂದರೂ ಪ್ರಯೋಜನವಿಲ್ಲ, ಗೋಲು ನನ್ನದಲ್ಲ ಎಂದು ನಾನೇ ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ. ಮೈದಾನದ ಬೀಗದ ಕೈಯನ್ನು ಲೂಕ್‌ಗೆ ಒಪ್ಪಿಸಿದೆ. ಹುಲ್ಲನ್ನು ಬೇರೆ ಯಾರಾದರೂ ಕತ್ತರಿಸಲಿ.

ನಿನ್ನ ಹೆಸರಿಗೆ ಇದು ನಾನು ಹೊಡೆದ ಎರಡನೆಯ ಗೋಲು. ಈ ಸಲ ನಗು ಬರಲಿಲ್ಲ. ಇನ್ನು ಮೇಲೆ ನನಗೆ ಬರೆಯಬೇಡ.

ಜಾರ್ಲತ್